ಟಿಕೆಟ್ ತಗೊಂಡು ಒಳಗೆ ಹೋಗುವ ಊರು

ರೋಮ್ ನಗರದಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್ ಹೋದರೆ ಚಿವಿತಾ ದಿ ಬಾನ್ಯೊರೇಜಿಯೊ ಎಂಬ ಊರು ಸಿಗುತ್ತದೆ. ಕಡಿದಾದ ಗುಡ್ಡದ ನೆತ್ತಿಯ ಮೇಲೆ ಒತ್ತಿಕೊಂಡು ನಿಂತ ಕಲ್ಲಿನ ಮನೆಗಳು, ನಡುವೆ ಒಂದು ಚರ್ಚು, ಅದರ ಮುಂದೆ ಚಿಕ್ಕ ಬಯಲು. ಊರು ಅಂದರೆ ಅಷ್ಟೇ. ವಾಹನ ಹೋಗುವುದಿಲ್ಲ. 1965ರಲ್ಲಿ ಕಟ್ಟಿದ ಉದ್ದನೆಯ ಕಾಲುಸೇತುವೆಯ ಮೇಲೆ ನಡೆದೇ ಹೋಗಬೇಕು. ಸೇತುವೆ ಹತ್ತುವ ಮೊದಲು ಟಿಕೆಟ್ ತೆಗೆದುಕೊಳ್ಳಬೇಕು. 2013ರಲ್ಲಿ ಶುರುವಾದಾಗ ಅದರ ಬೆಲೆ ಒಂದೂವರೆ ಯೂರೋ. ಆಮೇಲೆ ಏರುತ್ತಾ ಐದು ಯೂರೋ ಆಯಿತು, ನಮ್ಮ ಲೆಕ್ಕದಲ್ಲಿ 500 ರೂಪಾಯಿ ಆಸುಪಾಸು. ವರ್ಷಪೂರ್ತಿ ಆ ಊರಿನಲ್ಲೇ ಇರುವವರು ಹತ್ತು ಹನ್ನೆರಡು ಜನ.

2010ರ ಹೊತ್ತಿಗೆ ಇಲ್ಲಿಗೆ ವರ್ಷಕ್ಕೆ ಸುಮಾರು 40,000 ಜನ ಬರುತ್ತಿದ್ದರು. 2017ಕ್ಕೆ ಅದು ಎಂಟು ಲಕ್ಷ ದಾಟಿತ್ತು. ದುಡ್ಡು ಕೇಳಿದರೆ ಜನ ಕಡಿಮೆಯಾಗಬೇಕು ಅಲ್ವಾ? ಇಲ್ಲಿ ಉಲ್ಟಾ ಆಯಿತು. ಟಿಕೆಟ್ ಇಟ್ಟ ಊರು ಎಂಬುದೇ ದೇಶ ವಿದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಸುದ್ದಿ ಓದಿದವರು ನೋಡಲು ಹೊರಟರು.

ಯುರೋಪಿನ ಹಳ್ಳಿಗಾಡಿನಲ್ಲಿರುವ ಇಂಥ ಮಧ್ಯಯುಗದ ಊರುಗಳ ಬಗ್ಗೆ ಈಗ ಎರಡು ಬಗೆಯ ಸುದ್ದಿ ಬರುತ್ತಿರುತ್ತದೆ. ಒಂದು ಕಡೆ, ಪ್ರವಾಸಿಗರ ನೂಕುನುಗ್ಗಲು ತಾಳಲಾರದೆ ಊರಿನವರು ರಸ್ತೆಗಿಳಿದಿದ್ದಾರೆ. ಇನ್ನೊಂದು ಕಡೆ, ಜನರೇ ಇಲ್ಲದೆ ಒಂದು ಯೂರೋಗೆ ಮನೆ ಮಾರಾಟಕ್ಕಿಟ್ಟಿದ್ದಾರೆ. ಇವು ಬೇರೆ ಬೇರೆ ಸಮಸ್ಯೆ ಅಂತ ನಾವು ಓದಿಕೊಂಡು ಹೋಗುತ್ತೇವೆ. ನನಗೆ ಎರಡರ ಬೇರೂ ಒಂದೇ ಅನಿಸುತ್ತದೆ. ಎರಡೂ ಕಡೆ ಇಲ್ಲದಿರುವುದು ಅಲ್ಲೇ ಬದುಕುವ ಜನ. ನೋಡಲು ಬರುವವರು ಎಷ್ಟು ಲಕ್ಷ ಇದ್ದರೂ, ಇರಲು ಬರುವವರು ಇಲ್ಲದಿದ್ದರೆ ಅದು ಊರಾಗಿ ಉಳಿಯುವುದಿಲ್ಲ. ಸರ್ಕಾರಗಳು ಮಾಡುವ ಪ್ರತಿ ಯೋಜನೆಯನ್ನೂ ಈ ಒಂದು ಪ್ರಶ್ನೆ ಇಟ್ಟುಕೊಂಡು ನೋಡಬೇಕು ಎಂಬುದು ನನ್ನ ವಾದ: ಇದರಿಂದ ಒಂದು ಮನೆಯಲ್ಲಾದರೂ ಹೊಸದಾಗಿ ಒಲೆ ಹೊತ್ತಿತಾ?

ಅದಕ್ಕೂ ಮೊದಲು, ಈ ಊರುಗಳು ಇಷ್ಟು ಚೆಂದವಾಗಿ ಉಳಿದದ್ದು ಹೇಗೆ? ಯಾರೋ ನೂರಾರು ವರ್ಷ ಪ್ರೀತಿಯಿಂದ ಕಾಪಾಡಿಕೊಂಡು ಬಂದರು ಅಂತ ನಾವು ಅಂದುಕೊಳ್ಳುತ್ತೇವೆ. ಬಹುಪಾಲು ಕಡೆ ಹಾಗಾಗಲಿಲ್ಲ. ಊರನ್ನು ಹಾಗೇ ಇಟ್ಟದ್ದು ಬಡತನ.

ಇಂಗ್ಲೆಂಡಿನ ಕಾಟ್ಸ್‌ವಲ್ಡ್ಸ್ ಪ್ರದೇಶವನ್ನೇ ನೋಡಿ. ಲಂಡನ್ನಿನಲ್ಲಿರುವ ಕನ್ನಡಿಗರ ಮನೆಗೆ ಊರಿನಿಂದ ಅಪ್ಪ ಅಮ್ಮ ಬಂದರೆ ಒಂದು ಶನಿವಾರ ಕರೆದುಕೊಂಡು ಹೋಗುವ ಜಾಗ ಅದು. ಮಧ್ಯಯುಗದಲ್ಲಿ ಅಲ್ಲಿ ಕುರಿಯ ಉಣ್ಣೆಯಿಂದ ದುಡ್ಡು ಹರಿಯಿತು. ಜೇನುಬಣ್ಣದ ಕಲ್ಲಿನ ಮನೆಗಳು, ಹಳ್ಳಿಯ ಅಳತೆಗೆ ಮೀರಿದ ಚರ್ಚುಗಳು ಎದ್ದವು. ಬೈಬರಿ ಎಂಬ ಹಳ್ಳಿಯಲ್ಲಿರುವ ಆರ್ಲಿಂಗ್ಟನ್ ರೋ ಎಂಬ ಮನೆಸಾಲು 1380ರ ಸುಮಾರಿಗೆ ಮಠದ ಉಣ್ಣೆ ಗೋದಾಮಾಗಿ ಕಟ್ಟಿದ್ದು. 17ನೇ ಶತಮಾನದಲ್ಲಿ ಅದನ್ನು ನೇಕಾರರ ಮನೆಗಳಾಗಿ ಮಾಡಿದರು. ಆಮೇಲೆ ಬಟ್ಟೆಯ ಕೆಲಸವೆಲ್ಲ ಉತ್ತರದ ಗಿರಣಿಗಳ ಕಡೆ ಹೋಯಿತು. ಹಳೆ ಮನೆ ಕೆಡವಿ ಹೊಸದು ಕಟ್ಟಿಸುವಷ್ಟು ಕಾಸು ಯಾರ ಹತ್ತಿರವೂ ಉಳಿಯಲಿಲ್ಲ. ಕಟ್ಟಡಗಳು ಹಾಗೇ ನಿಂತವು. ಜರ್ಮನಿಯ ರೋಥೆನ್‌ಬರ್ಗ್ ಊರಿನದೂ ಹೆಚ್ಚುಕಮ್ಮಿ ಇದೇ ಕತೆ. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಅದು ಸೊರಗಿತು. ವ್ಯಾಪಾರ ಬೇರೆ ದಾರಿ ಹಿಡಿಯಿತು. ಹಳೆಯ ಗೋಡೆ, ಗೋಪುರಗಳನ್ನು ತೆಗೆಯುವ ಅಗತ್ಯವೇ ಯಾರಿಗೂ ಬರಲಿಲ್ಲ.

ಚಿವಿತಾದ ಕಾರಣ ಇನ್ನೂ ಕಠಿಣ. ಆ ಗುಡ್ಡದ ಮೇಲ್ಪದರ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದುಕಲ್ಲು. ಅದರ ಕೆಳಗೆ ಇರುವುದು ಜೇಡಿಮಣ್ಣು. ಎರಡೂ ಬದಿಯ ಹಳ್ಳಗಳು ಮಣ್ಣನ್ನು ಕೊರೆಯುತ್ತವೆ, ಮೇಲಿನ ಕಲ್ಲು ಅಂಚಿನಿಂದ ಕಳಚಿ ಬೀಳುತ್ತದೆ. 1695ರ ಭೂಕಂಪದಲ್ಲಿ ಊರು ತುಂಬಾ ಹಾಳಾಯಿತು. ಜನ ಪಕ್ಕದ ಬಾನ್ಯೊರೇಜಿಯೊ ಪಟ್ಟಣಕ್ಕೆ ಹೋಗತೊಡಗಿದರು. 13ನೇ ಶತಮಾನದ ಸಂತ ಬೊನವೆಂಚರ್ ಬಾಲ್ಯದಲ್ಲಿ ಇದ್ದ ಮನೆಯೂ ಅಂಚಿನ ಜೊತೆ ಕುಸಿದು ಹೋಯಿತು. ಇಟಲಿಯವರು ಇದನ್ನು ಸಾಯುತ್ತಿರುವ ಊರು ಅಂತಲೇ ಕರೆಯುತ್ತಾ ಬಂದಿದ್ದಾರೆ.

ಇಂಥ ಊರುಗಳನ್ನು ಜನ ಬಿಟ್ಟು ಹೋದದ್ದನ್ನು ಸುಮ್ನೆ ದುಃಖದ ಕತೆಯಾಗಿ ಹೇಳುವುದೂ ಸರಿಯಲ್ಲ. ಗುಡ್ಡದ ಮೇಲೆ ಮನೆ, ಕೆಳಗೆ ಹೊಲ. ನೀರನ್ನು ಹೊತ್ತು ತರಬೇಕು, ಸಾಮಾನನ್ನು ಕತ್ತೆಯ ಮೇಲೆ ಏರಿಸಬೇಕು. ಎರಡನೇ ಮಹಾಯುದ್ಧದ ನಂತರ ಇಟಲಿಯ ಕಾರ್ಖಾನೆಗಳು ಕೈಬೀಸಿ ಕರೆದಾಗ ಯುವಕರು ಹೊರಟರು. ಅವರ ಜಾಗದಲ್ಲಿ ನಾವಿದ್ದರೂ ಹೋಗುತ್ತಿದ್ದೆವು. ನಮಗೆ ಫೋಟೋದಲ್ಲಿ ಇಷ್ಟವಾಗುವ ಆ ಕಿರಿದಾದ ಮೆಟ್ಟಿಲುಗಳ ಮೇಲೆ ಬಸುರಿ ಹೆಂಗಸರು ಕೊಡ ಹೊತ್ತು ಹತ್ತಿದ್ದಾರೆ ಎಂಬುದನ್ನು ಮರೆಯಬಾರದು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾವು ಮಧ್ಯಯುಗದ್ದು ಅಂತ ನೋಡುವುದರಲ್ಲಿ ಸಾಕಷ್ಟು ಭಾಗ ಆಮೇಲೆ ಕಟ್ಟಿದ್ದು. ಫ್ರಾನ್ಸಿನ ಕಾರ್ಕಸೋನ್ ಕೋಟೆಯನ್ನು 19ನೇ ಶತಮಾನದಲ್ಲಿ ವಾಸ್ತುಶಿಲ್ಪಿ ವಿಯೊಲೆ ಲ ದ್ಯೂಕ್ ತನಗೆ ತಿಳಿದಂತೆ ಮತ್ತೆ ಎತ್ತಿ ನಿಲ್ಲಿಸಿದ. ರೋಥೆನ್‌ಬರ್ಗ್ ಮೇಲೆ 1945ರ ಮಾರ್ಚ್ 31ರಂದು ಬಾಂಬ್ ಬಿತ್ತು. ಹಳೆಯ ಊರಿನ ಸುಮಾರು ಶೇ. 40 ಭಾಗ ನಾಶವಾಗಿ, ಆಮೇಲೆ ಮೊದಲಿನಂತೆಯೇ ಕಾಣುವ ಹಾಗೆ ಕಟ್ಟಿದರು. ಇದರಲ್ಲಿ ಮೋಸವೇನೂ ಇಲ್ಲ. ಕಲ್ಲನ್ನು ಮತ್ತೆ ಜೋಡಿಸಬಹುದು ಎಂದು ಇದು ತೋರಿಸುತ್ತದೆ. ದುಡ್ಡು, ನಕ್ಷೆ, ಕೆಲಸಗಾರರು ಇದ್ದರೆ ಸಾಕು. ಖಾಲಿಯಾದ ಬೀದಿಗೆ ಸಂಸಾರಗಳನ್ನು ಮತ್ತೆ ತರುವುದು ಅಷ್ಟು ಸುಲಭ ಅಲ್ಲ.

ಹಳ್ಳಿಗಳನ್ನು ಪ್ರವಾಸದಿಂದ ಬದುಕಿಸಬಹುದು ಎಂಬ ಯೋಚನೆಗೆ ಗಟ್ಟಿ ರೂಪ ಬಂದದ್ದು ಫ್ರಾನ್ಸಿನಲ್ಲಿ. ಕೆಂಪು ಕಲ್ಲಿನ ಊರಾದ ಕೊಲೊಂಜ್ ಲಾ ರೂಜ್‌ನ ಮೇಯರ್ ಶಾರ್ಲ್ ಸೆರಾಕ್ 1982ರಲ್ಲಿ ಇತರ ಮೇಯರ್‌ಗಳನ್ನು ಸೇರಿಸಿ ಫ್ರಾನ್ಸಿನ ಅತಿ ಸುಂದರ ಹಳ್ಳಿಗಳ ಸಂಘ ಕಟ್ಟಿದರು. ಮೊದಲು ಒಪ್ಪಿದವರು 66 ಊರಿನವರು. ಸದಸ್ಯರಾಗಲು ಷರತ್ತುಗಳಿವೆ. ಜನಸಂಖ್ಯೆ 2,000ಕ್ಕಿಂತ ಕಡಿಮೆ ಇರಬೇಕು. ಕಾನೂನಿನ ರಕ್ಷಣೆ ಇರುವ ಕನಿಷ್ಠ ಎರಡು ಸ್ಮಾರಕ ಅಥವಾ ತಾಣಗಳಿರಬೇಕು. ಊರಿನ ಪರಿಷತ್ತು ಒಪ್ಪಿ ಮತ ಹಾಕಿರಬೇಕು. ಈ ಮೂರನೇ ಷರತ್ತು ನನಗೆ ತುಂಬಾ ಇಷ್ಟ. ಊರಿನವರನ್ನು ಕೇಳದೆ ಊರನ್ನು ಪಟ್ಟಿಗೆ ಸೇರಿಸುವಂತಿಲ್ಲ. ಇಟಲಿಯಲ್ಲೂ 2001ರಲ್ಲಿ ಇಂಥದೇ ಸಂಘ ಹುಟ್ಟಿತು.

ಸೆರಾಕ್ ಅವರ ಉದ್ದೇಶ ಒಳ್ಳೆಯದೇ. ಹಳ್ಳಿ ಖಾಲಿಯಾಗುವುದನ್ನು ತಡೆಯಬೇಕು ಎಂದೇ ಅವರು ಹೊರಟದ್ದು. ಕೆಲವು ಊರುಗಳಿಗೆ ಅದರಿಂದ ನಿಜವಾಗಿ ಅನುಕೂಲವಾಯಿತು. ತಂತಿಗಳು ನೆಲದಡಿ ಹೋದವು, ಮುಚ್ಚಿದ ಹೋಟೆಲ್‌ಗಳು ತೆರೆದವು. ಆದರೆ ಪಟ್ಟಿ ಎಂದಮೇಲೆ ಅದರಲ್ಲೂ ತುದಿಗೆ ಹೋಗುವ ಕೆಲವು ಹೆಸರು ಇರುತ್ತವೆ. ಲಾಟ್ ನದಿಯ ಮೇಲಿನ ಬಂಡೆಯಂಚಿನಲ್ಲಿರುವ ಸೇಂ ಸಿರ್ಕ್ ಲಾಪೊಪಿ ಅಂಥದ್ದು. 2012ರಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಅದು ಫ್ರೆಂಚರ ಮೆಚ್ಚಿನ ಹಳ್ಳಿ ಎಂದು ಗೆದ್ದಿತು. ಸುಮಾರು 200 ಜನರಿರುವ ಊರಿಗೆ ಈಗ ವರ್ಷಕ್ಕೆ ನಾಲ್ಕು ಲಕ್ಷದ ಆಸುಪಾಸು ಜನ ಬರುತ್ತಾರೆ. ಬೇಸಿಗೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚಳಿಗಾಲದಲ್ಲಿ ಹೆಚ್ಚಿನ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಬೇಸಿಗೆಯ ಗಿರಾಕಿಯನ್ನೇ ನಂಬಿದ ಅಂಗಡಿಯಲ್ಲಿ ಸ್ಕಾರ್ಫು, ಮಡಕೆ, ಐಸ್‌ಕ್ರೀಮು ಸಿಗುತ್ತದೆ. ಮೊಳೆ, ಬಲ್ಬು, ಮಗುವಿನ ಜ್ವರದ ಔಷಧಿ ಬೇಕಾದವರು ಕಾರು ತೆಗೆಯಬೇಕು.

ಅಲ್ಲಿಂದ ಹೆಚ್ಚು ದೂರವಿಲ್ಲದ ರೊಕಮಡೂರ್ ಊರಿನದು ಸ್ವಲ್ಪ ಬೇರೆ ಮಾತು. ಅಲ್ಲಿ ಜನಜಂಗುಳಿ ಹೊಸದಲ್ಲ. 1166ರಲ್ಲಿ ಒಬ್ಬ ಸಂತನ ದೇಹ ಸಿಕ್ಕಿತು ಎಂಬ ಸುದ್ದಿಯಿಂದ ಆ ಊರು ದೊಡ್ಡ ಯಾತ್ರಾಸ್ಥಳವಾಯಿತು. 216 ಮೆಟ್ಟಿಲುಗಳನ್ನು ಮೊಣಕಾಲೂರಿ ಹತ್ತುತ್ತಿದ್ದ ಭಕ್ತರಿದ್ದರು. ಧರ್ಮಸ್ಥಳ, ಮಲೆ ಮಹದೇಶ್ವರ ಬೆಟ್ಟ ನೋಡಿದ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಯಾತ್ರಿಕರು ದೂರದಿಂದ ನಡೆದು ಬರುತ್ತಿದ್ದರು. ಉಳಿಯುತ್ತಿದ್ದರು, ಉಣ್ಣುತ್ತಿದ್ದರು, ಕಾಣಿಕೆ ಹಾಕುತ್ತಿದ್ದರು. ಜನ ಬಂದಷ್ಟೂ ಊರು ಬೆಳೆಯಿತು. ಈಗ 600ರಷ್ಟು ಜನ ಇರುವ ಊರಿಗೆ ವರ್ಷಕ್ಕೆ ಸುಮಾರು 15 ಲಕ್ಷ ಜನ ಬರುತ್ತಾರೆ. ಅವರಲ್ಲಿ ಬಹಳಷ್ಟು ಮಂದಿ ಸಂಜೆಯೊಳಗೆ ವಾಪಸ್ ಹೋಗುತ್ತಾರೆ.

ಈ ಅರ್ಧ ದಿನದ ಭೇಟಿಯೇ ನನ್ನ ಪ್ರಕಾರ ಇಡೀ ಸಮಸ್ಯೆಯ ಗಂಟು. ಆಸ್ಟ್ರಿಯಾದ ಹಾಲ್‌ಸ್ಟಾಟ್ ಇದಕ್ಕೆ ಸ್ಪಷ್ಟ ಉದಾಹರಣೆ. ಅದು ಪೂರ್ತಿ ಮಧ್ಯಯುಗದ ಊರಲ್ಲ. 1750ರ ಬೆಂಕಿಯ ನಂತರ ಊರಿನ ಬಹುಭಾಗ ಹೊಸದಾಗಿ ಎದ್ದಿತು. ಉಪ್ಪಿನ ಗಣಿ ಮಾತ್ರ ಸಾವಿರಾರು ವರ್ಷ ಹಳೆಯದು. 1997ರಲ್ಲಿ ಆ ಪ್ರದೇಶಕ್ಕೆ ಯುನೆಸ್ಕೋ ಮನ್ನಣೆ ಬಂತು. 2012ರಲ್ಲಿ ಚೀನಾದ ಗುವಾಂಗ್‌ಡಾಂಗ್‌ನಲ್ಲಿ ಅದರ ನಕಲನ್ನೇ ಕಟ್ಟಿದರು. ನಕಲು ನೋಡಿದವರಿಗೆ ಅಸಲು ನೋಡುವ ಆಸೆ ಹುಟ್ಟಿತು. 2018ರಲ್ಲಿ 19,000ಕ್ಕೂ ಹೆಚ್ಚು ಪ್ರವಾಸಿ ಬಸ್ಸುಗಳು ಬಂದವು. ಊರಿನ ಜನ 750ರಷ್ಟು. ಗದ್ದಲದ ದಿನಗಳಲ್ಲಿ ಬರುವವರು 10,000.

ಹಾಲ್‌ಸ್ಟಾಟ್ ಆಡಳಿತ 2020ರಲ್ಲಿ ಬಸ್ಸುಗಳಿಗೆ ಮುಂಗಡ ಸಮಯ ಕಾದಿರಿಸುವ ಪದ್ಧತಿ ತಂದಿತು. ಬಂದ ಗುಂಪು ಕನಿಷ್ಠ ಎರಡೂವರೆ ಗಂಟೆ ಊರಿನಲ್ಲಿರಬೇಕು ಎಂದೂ ಹೇಳಿತು. ಈ ನಿಯಮ ಯಾಕೆ ಬೇಕಾಯಿತು ಎಂದು ಯೋಚಿಸಿ. ಬಸ್ಸಿನಿಂದ ಇಳಿದು, ಕೆರೆಯಂಚಿನ ಒಂದೇ ಜಾಗದಿಂದ ಫೋಟೋ ತೆಗೆದು, ಶೌಚಾಲಯಕ್ಕೆ ಹೋಗಿ ಮತ್ತೆ ಬಸ್ಸು ಹತ್ತುವವರು ಅಷ್ಟು ಜಾಸ್ತಿ ಆಗಿದ್ದರು. ಅವರಿಂದ ಊರಿಗೆ ಸಿಗುವುದು ಕಸ ಮತ್ತು ಗದ್ದಲ. ದುಡ್ಡು ಹೋಗುವುದು ಬೇರೆ ಊರಿನ ಟೂರ್ ಕಂಪನಿಗೆ. 2023ರ ಮೇ ತಿಂಗಳಲ್ಲಿ ಸೆಲ್ಫಿ ತಾಣದ ಮುಂದೆ ಮರದ ಬೇಲಿ ಹಾಕಿ ನೋಡಿದರು, ಟೀಕೆ ಬಂದ ಮೇಲೆ ತೆಗೆದರು. ಆಗಸ್ಟ್‌ನಲ್ಲಿ ಊರಿನವರೇ ಸುರಂಗ ರಸ್ತೆ ತಡೆದು, ದಿನಕ್ಕೆ ಇಂತಿಷ್ಟೇ ಜನ, ಸಂಜೆ ಐದರ ಮೇಲೆ ಬಸ್ಸು ಬೇಡ ಎಂದು ಬೇಡಿಕೆ ಇಟ್ಟರು. ಬೈಬರಿಯಲ್ಲೂ ಇದೇ ಕಾವು. 600 ಜನರ ಆಸುಪಾಸಿನ ಹಳ್ಳಿಯ ಕಿರಿದಾದ ರಸ್ತೆಗೆ ಕೋಚ್ ಬಸ್ಸುಗಳು ಸಾಲಾಗಿ ಬರತೊಡಗಿದ ಮೇಲೆ, 2025ರಲ್ಲಿ ಕೌಂಟಿ ಕೌನ್ಸಿಲ್ ಊರ ನಡುವಿನ ಕೋಚ್ ನಿಲುಗಡೆಯ ಜಾಗವನ್ನು ತೆಗೆದುಹಾಕುವ ಪ್ರಯೋಗ ಶುರುಮಾಡಿತು.

ಈಗ ಮತ್ತೆ ಚಿವಿತಾದ ಟಿಕೆಟ್ ಲೆಕ್ಕಕ್ಕೆ ಬರೋಣ. ಆ ದುಡ್ಡು ಹಾಳಾಗಿಲ್ಲ ಎಂಬುದನ್ನು ಒಪ್ಪಬೇಕು. ಅದರ ಬಲದಿಂದ ಬಾನ್ಯೊರೇಜಿಯೊ ಪುರಸಭೆ ತನ್ನ ಸ್ಥಳೀಯ ತೆರಿಗೆಗಳನ್ನೇ ಕೈಬಿಟ್ಟಿತು. ಸುಮಾರು 3,500 ಜನರ ಆ ಪಟ್ಟಣದಲ್ಲಿ ಊಟದ ಮನೆಗಳು, ಕೊಠಡಿ ಬಾಡಿಗೆ, ಪಾರ್ಕಿಂಗ್ ಎಲ್ಲ ಸೇರಿ ಕೆಲಸ ಹುಟ್ಟಿತು. ಸೇತುವೆಯ ಈಚೆಗೆ ನಿಂತು ನೋಡಿದರೆ ಇದು ಗೆದ್ದ ಯೋಜನೆ. ಸೇತುವೆಯ ಆಚೆಗೆ ಲೆಕ್ಕ ಬೇರೆ. ಲಕ್ಷಗಟ್ಟಲೆ ಜನ ಬಂದು ಹೋದರೂ ಚಿವಿತಾದಲ್ಲಿ ವಾಸ ಇರುವವರ ಸಂಖ್ಯೆ ಏರಲಿಲ್ಲ. ಮನೆಗಳು ಚೆನ್ನಾಗಿವೆ, ಕಿಟಕಿಗಳಲ್ಲಿ ಹೂವಿನ ಕುಂಡಗಳಿವೆ. ಹೆಚ್ಚಿನವು ರೋಮಿನವರ, ವಿದೇಶಿಗರ ರಜೆಯ ಮನೆಗಳು ಅಥವಾ ಬಾಡಿಗೆ ಕೊಠಡಿಗಳು. ಶಾಲೆಗೆ ಹೋಗುವ ಮಕ್ಕಳಿಲ್ಲದ ಊರಿಗೆ ಯಾವ ಟಿಕೆಟ್ ಹಣವೂ ಮಕ್ಕಳನ್ನು ತಂದುಕೊಡಲಾರದು.

ಚಿವಿತಾ ಇರುವ ವಿತೆರ್ಬೊ ಜಿಲ್ಲೆಯಲ್ಲೇ ಕಾಲ್ಕಾತಾ ಎಂಬ ಇನ್ನೊಂದು ಊರಿದೆ. ಅದೂ ಮೆದುಕಲ್ಲಿನ ಬಂಡೆಯ ಮೇಲೆ ಕೂತಿದೆ. 20ನೇ ಶತಮಾನದಲ್ಲಿ ಸರ್ಕಾರ, ಬಂಡೆ ಕುಸಿಯುತ್ತದೆ, ಖಾಲಿ ಮಾಡಿ ಎಂದು ಆದೇಶಿಸಿತು. ಜನರಿಗಾಗಿ ಹತ್ತಿರದಲ್ಲೇ ಹೊಸ ಊರು ಕಟ್ಟಿಸಿತು. ಹಳೆಯ ಊರನ್ನು ಕೆಡವುವುದಿತ್ತು. ಅಷ್ಟರಲ್ಲಿ 1960ರ ದಶಕದಿಂದಾಚೆಗೆ ಕಲಾವಿದರು, ಕುಶಲಕರ್ಮಿಗಳು, ಊರೂರು ಅಲೆಯುತ್ತಿದ್ದ ಯುವಕರು ಖಾಲಿ ಮನೆಗಳಿಗೆ ಬಂದು ಸೇರಿಕೊಂಡರು. ಸೋರುವ ಸೂರು ಸರಿಮಾಡಿಕೊಂಡರು, ಸ್ಟುಡಿಯೋ ಹಾಕಿಕೊಂಡರು, ಕೊನೆಗೆ ಮನೆ ಕೊಂಡುಕೊಂಡರು. ಹೋರಾಡಿ ಆ ಆದೇಶವನ್ನೂ ತೆಗೆಸಿದರು. ಅಲ್ಲಿಗೂ ವಾರಾಂತ್ಯದಲ್ಲಿ ರೋಮಿನಿಂದ ಜನ ಬರುತ್ತಾರೆ. ಆದರೆ ಊರು ಅವರಿಗಾಗಿ ಬಾಗಿಲು ತೆರೆದು ಕಾಯುತ್ತಿಲ್ಲ, ಅದಕ್ಕೆ ತನ್ನದೇ ಜೀವನ ಇದೆ. ಚಿವಿತಾ ಮತ್ತು ಕಾಲ್ಕಾತಾ, ಕಲ್ಲೂ ಒಂದೇ, ಜಿಲ್ಲೆಯೂ ಒಂದೇ. ಒಂದನ್ನು ಲಕ್ಷ ಜನ ನೋಡಿದರು, ಇನ್ನೊಂದಕ್ಕೆ ಕೆಲವರು ಬಂದು ನೆಲೆಸಿದರು. ಊರಾಗಿ ಉಳಿದದ್ದು ಎರಡನೆಯದು ಎಂದೇ ನಾನು ಹೇಳುತ್ತೇನೆ.

ಒಂದು ಯೂರೋ ಮನೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮನೆ ಒಂದು ಯೂರೋ ಆದರೂ ಇಷ್ಟು ವರ್ಷದೊಳಗೆ ದುರಸ್ತಿ ಮಾಡಿಸುತ್ತೇನೆ ಎಂದು ಒಪ್ಪಿ ಠೇವಣಿ ಇಡಬೇಕು, ದುರಸ್ತಿಗೆ ಬೇಕಾದಷ್ಟು ಖರ್ಚಾಗುತ್ತದೆ. ಸಿಸಿಲಿಯ ಸಾಂಬುಕಾ 2019ರಲ್ಲಿ ಇದರಿಂದ ಜಗತ್ತಿಗೆಲ್ಲ ಗೊತ್ತಾಯಿತು. ಪಾಳುಬಿದ್ದ ಮನೆ ಮತ್ತೆ ನಿಂತಿತು, ಗಾರೆ ಕೆಲಸದವರಿಗೆ ಕೂಲಿ ಸಿಕ್ಕಿತು, ಅದು ಸಣ್ಣದಲ್ಲ. ಆದರೆ ಕೊಂಡವರಲ್ಲಿ ಎಷ್ಟೋ ಜನ ವರ್ಷಕ್ಕೆ ಕೆಲವು ವಾರ ಬಂದು ಹೋಗುವವರು.

ನನಗೆ ಹೆಚ್ಚು ಆಸಕ್ತಿ ಹುಟ್ಟಿಸುವುದು ಊರೆಲ್ಲ ಹರಡಿದ ಹೋಟೆಲ್ ಎಂಬ ಇಟಲಿಯವರ ಯೋಚನೆ. 1976ರಲ್ಲಿ ಉತ್ತರದ ಫ್ರಿಯುಲಿಯಲ್ಲಿ ಭೂಕಂಪ ಆದ ಮೇಲೆ, ಮತ್ತೆ ಕಟ್ಟಿದ ಖಾಲಿ ಮನೆಗಳನ್ನು ಏನು ಮಾಡುವುದು ಎಂಬ ಪ್ರಶ್ನೆಯಿಂದ ಇದು ಹುಟ್ಟಿತು. ಜಾನ್‌ಕಾರ್ಲೊ ದಲ್ಲಾರಾ ಇದನ್ನು ಒಂದು ಪದ್ಧತಿಯಾಗಿ ಬೆಳೆಸಿದರು. ಹೊಸ ಕಟ್ಟಡ ಬೇಡ. ಒಂದು ಮನೆಯಲ್ಲಿ ಸ್ವಾಗತಕಾರರು, ಇನ್ನೊಂದು ಬೀದಿಯಲ್ಲಿ ಮಲಗುವ ಕೊಠಡಿ, ಮತ್ತೊಂದು ಕಡೆ ಊಟ. ಅತಿಥಿ ಊರಿನವರ ನಡುವೆಯೇ ಓಡಾಡುತ್ತಾನೆ. ಆಬ್ರುಜ್ಜೊ ಬೆಟ್ಟಗಳಲ್ಲಿರುವ ಸಾಂತೊ ಸ್ತೆಫಾನೊ ದಿ ಸೆಸ್ಸಾನಿಯೊ ಇದರಿಂದಲೇ ಹೆಸರಾಯಿತು. ಬೈಬರಿಯ ಹಾಗೆ ಅದೂ ಉಣ್ಣೆಯ ದುಡ್ಡಿನಿಂದ ಬೆಳೆದ ಊರು, ಉಣ್ಣೆ ಹೋದ ಮೇಲೆ ಖಾಲಿಯಾಯಿತು. ದಾನಿಯೇಲೆ ಕಿಲ್‌ಗ್ರೆನ್ ಎಂಬುವರು ಅಲ್ಲಿ ಮನೆಗಳನ್ನು ಕೊಂಡು, ಮಸಿ ಹಿಡಿದ ಗೋಡೆಗಳನ್ನೂ ಅಳಿಸದೆ ಹೋಟೆಲ್ ಮಾಡಿದರು. ಅತಿಥಿಗಳು ರಾತ್ರಿ ಉಳಿಯುವುದರಿಂದ ದುಡ್ಡು ಊರಿನಲ್ಲೇ ತಿರುಗುತ್ತದೆ.

ಅಷ್ಟಾದರೂ 2020ರಲ್ಲಿ ಆ ಊರಿನಲ್ಲಿ ಉಳಿದಿದ್ದವರು 115 ಜನ. ಅವರಲ್ಲಿ ವಯಸ್ಸಾದವರು ಸಾಕಷ್ಟು. ಆಗ ಪುರಸಭೆ ಬೇರೆಯದೇ ಹೆಜ್ಜೆ ಇಟ್ಟಿತು. 40 ವರ್ಷದೊಳಗಿನವರು ಬಂದು ಕನಿಷ್ಠ ಐದು ವರ್ಷ ನೆಲೆಸಿ ಕೆಲಸ ಶುರುಮಾಡಿದರೆ, ಮೂರು ವರ್ಷ ವರ್ಷಕ್ಕೆ 8,000 ಯೂರೋವರೆಗೆ ಸಹಾಯಧನ, ಕಡಿಮೆ ಬಾಡಿಗೆಗೆ ಮನೆ ಎಂದು ಕರೆ ಕೊಟ್ಟಿತು. ಯೋಚನೆಯ ದಿಕ್ಕು ಇದರಲ್ಲಿ ಸರಿ ಇದೆ. ಪ್ರವಾಸಿಯನ್ನು ಕರೆಯುವ ಬದಲು ನೆರೆಮನೆಯವರನ್ನು ಕರೆದಿದ್ದಾರೆ.

ದೊಡ್ಡ ಸರ್ಕಾರ ಈ ಪಾಠ ಕಲಿತ ಹಾಗೆ ಕಾಣುವುದಿಲ್ಲ. ಕೋವಿಡ್ ನಂತರ ಬಂದ ಯುರೋಪಿಯನ್ ಒಕ್ಕೂಟದ ಹಣದಲ್ಲಿ ಇಟಲಿ ಸುಮಾರು 100 ಕೋಟಿ ಯೂರೋವನ್ನು ಹಳೆಯ ಹಳ್ಳಿಗಳಿಗಾಗಿ ಎತ್ತಿಟ್ಟಿತು. ಅದರಲ್ಲಿ 42 ಕೋಟಿ ಬರೀ 21 ಊರುಗಳಿಗೆ, ತಲಾ 2 ಕೋಟಿ. ಇಟಲಿಯಲ್ಲಿ 5,000 ಜನರಿಗಿಂತ ಚಿಕ್ಕದಾದ ಪುರಸಭೆಗಳು 5,500ರಷ್ಟಿವೆ. ನೂರ ಚಿಲ್ಲರೆ ಜನರಿರುವ ಆಬ್ರುಜ್ಜೊದ ಕಲಾಶೊ ಊರಿಗೆ ಆ 2 ಕೋಟಿ ಸಿಕ್ಕಿತು. ಅಷ್ಟು ದುಡ್ಡನ್ನು ಕಲ್ಲು, ಕೋಟೆ, ದೀಪಗಳಿಗೆ ಸುರಿಯಬಹುದು. ಅದನ್ನೇ ಒಂದು ಕಣಿವೆಯ ಹತ್ತು ಊರುಗಳಿಗೆ ಹಂಚಿ, ಒಬ್ಬ ವೈದ್ಯ, ದಿನಕ್ಕೆ ಆರು ಬಸ್ಸು, ಒಂದು ಶಾಲೆಯನ್ನು ಇಪ್ಪತ್ತು ವರ್ಷ ನಡೆಸಿದ್ದರೆ ಜಾಸ್ತಿ ಜನ ಉಳಿಯುತ್ತಿದ್ದರು ಎಂದು ನನ್ನ ನಂಬಿಕೆ.

ಇದು ದೂರದ ಮಾತು ಅನಿಸಬಾರದು. ಹಂಪಿಗೆ 1986ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿತು. 2011ರ ಜುಲೈನಲ್ಲಿ ವಿರೂಪಾಕ್ಷ ದೇವಸ್ಥಾನದ ಮುಂದಿನ ಬಜಾರಿನಲ್ಲಿ, ಹಳೆಯ ಸಾಲುಮಂಟಪಗಳಿಗೆ ಗೋಡೆ ಕಟ್ಟಿಕೊಂಡು ಬದುಕುತ್ತಿದ್ದ ಕುಟುಂಬಗಳನ್ನು ಎಬ್ಬಿಸಿದರು. ಕೆಲವು ಕಿಲೋಮೀಟರ್ ದೂರದ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿದರು. ಮಂಟಪಗಳ ಮೇಲಿನ ಒತ್ತುವರಿ ನಿಜ, ಕಂಬಗಳಿಗೆ ಹಾನಿಯಾದದ್ದೂ ನಿಜ. ಆದರೆ ವಿಜಯನಗರದ ಕಾಲದಲ್ಲೂ ಆ ಬೀದಿ ವ್ಯಾಪಾರದ ಬೀದಿಯೇ ಆಗಿತ್ತು. ಜನರಿಲ್ಲದ ಬಜಾರು ಇತಿಹಾಸಕ್ಕೆ ಹೆಚ್ಚು ಹತ್ತಿರ ಎಂದು ನಾನು ಒಪ್ಪುವುದಿಲ್ಲ. ಇಟಲಿಯಲ್ಲಿ ಜನರನ್ನು ದುಡ್ಡು ಕೊಟ್ಟು ಕರೆಯುತ್ತಿದ್ದಾರೆ. ನಾವು ಇದ್ದವರನ್ನೇ ಕಳಿಸಿದೆವು.

ಹಾಗಾದರೆ ಮ್ಯೂನಿಕ್, ಲಂಡನ್, ಆಮ್‌ಸ್ಟರ್‌ಡ್ಯಾಮ್‌ಗಳಲ್ಲಿ ಕೆಲಸಕ್ಕಿರುವ ನಮ್ಮವರು, ರಜೆಯಲ್ಲಿ ಬೆಂಗಳೂರಿನಿಂದ ಹೋಗುವವರು ಇಂಥ ಊರುಗಳಿಗೆ ಹೋಗಲೇಬಾರದಾ? ಖಂಡಿತ ಹೋಗಬೇಕು. ಹತ್ತು ದಿನದಲ್ಲಿ ಏಳು ದೇಶ ತೋರಿಸುವ ಪ್ಯಾಕೇಜ್ ಬಸ್ಸಿನಲ್ಲಿ ಹೋದರೆ ನಾವೂ ಫೋಟೋ ತೆಗೆದು ಮತ್ತೆ ಬಸ್ಸು ಹತ್ತುವ ಆ ಗುಂಪಿನಲ್ಲೇ ಒಬ್ಬರಾಗುತ್ತೇವೆ. ಒಂದೇ ಪ್ರದೇಶ ಹಿಡಿದು ಒಂದು ರಾತ್ರಿಯಾದರೂ ಉಳಿದರೆ ಊರಿಗೆ ಸಿಗುವುದೂ ಬೇರೆ, ನಮಗೆ ಸಿಗುವುದೂ ಬೇರೆ. ಕಾಟ್ಸ್‌ವಲ್ಡ್ಸ್‌ನಲ್ಲಿ ಬೈಬರಿ ಬಿಟ್ಟು ನಾರ್ತ್‌ಲೀಚ್‌ಗೆ ಹೋಗಿ. ಉಣ್ಣೆಯ ದುಡ್ಡಿನಲ್ಲಿ ಎದ್ದ ಅಲ್ಲಿನ ಚರ್ಚು ಆರ್ಲಿಂಗ್ಟನ್ ರೋಗಿಂತ ಜಾಸ್ತಿ ಕತೆ ಹೇಳುತ್ತದೆ. ಲಾಟ್ ಕಡೆ ಹೋದರೆ ಕಾರ್ದಯಾಕ್ ಎಂಬ ಹಳ್ಳಿಯೂ ಅದೇ ಸುಂದರ ಹಳ್ಳಿಗಳ ಪಟ್ಟಿಯಲ್ಲಿದೆ, ಗದ್ದಲ ಕಡಿಮೆ. ಆಗಸ್ಟ್ ಬಿಟ್ಟು ಅಕ್ಟೋಬರ್, ನವೆಂಬರ್ ಆರಿಸಿಕೊಳ್ಳಿ. ಕೊಠಡಿ ಕಾದಿರಿಸುವಾಗ ಮನೆಯವರು ಅದೇ ಊರಿನಲ್ಲಿ ಇರುತ್ತಾರಾ ಎಂದು ಕೇಳಿ.

ಸಾಧ್ಯವಾದರೆ ಸ್ಥಳೀಯ ಬಸ್ಸು ಹತ್ತಿ. ಚಿವಿತಾ ನೋಡಲು ಒರ್ವಿಯೆತೊ ಪಟ್ಟಣದವರೆಗೆ ರೈಲಿದೆ, ಅಲ್ಲಿಂದ ಬಾನ್ಯೊರೇಜಿಯೊಗೆ ದಿನಕ್ಕೆ ಕೆಲವೇ ಬಸ್ಸು. ಸಮಯ ನೋಡಿಕೊಂಡು ಹೊರಡಬೇಕು, ತಪ್ಪಿದರೆ ಕಾಯಬೇಕು, ಕಾರಿನಷ್ಟು ಆರಾಮ ಅಲ್ಲ. ಆದರೆ ಹಳ್ಳಿಯ ಬಸ್ಸು ನಿಲ್ಲಿಸುವಾಗ ಆಡಳಿತದವರು ಮೊದಲು ನೋಡುವುದು ಟಿಕೆಟ್ ಎಷ್ಟು ಹರಿದಿದೆ ಎಂದು. ನಾವು ಸೀಟು ತುಂಬಿದ ಬಸ್ಸು ಜನವರಿಯಲ್ಲೂ ಓಡಿದರೆ, ಪಟ್ಟಣದ ಹೈಸ್ಕೂಲಿಗೆ ಮಗಳನ್ನು ಕಳಿಸುವ ತಾಯಿ ಊರು ಬಿಡದೆ ಇನ್ನೊಂದು ವರ್ಷ ನೋಡೋಣ ಎನ್ನಬಹುದು.